ಬಲಗಡೆಯ ಹದ್ದು

ಒಂದು ಪುಟ್ಟ ವಿಮಾನದ ಬಾಲದ ಬಣ್ಣ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಒಬ್ಬ ಮನುಷ್ಯ ಎಷ್ಟು ಸಲ ಬರಬೇಕು? ಒಂದು ಸಲ ಸಾಕು. ತೀರಾ ಜಾಗ್ರತೆಯವನಾದರೆ ಎರಡು ಸಲ. ಸಿಂದ್ರೆ ಆರು ಸಲ ಬಂದಿದ್ದ.

ಬಂದದ್ದೂ ಪಕ್ಕದ ಬೀದಿಯಿಂದಲ್ಲ. ನಾರ್ವೆಯ ಬರ್ಗನ್ನಿನಿಂದ ಪ್ಯಾರಿಸ್ಸಿಗೆ ಹಾರಿ, ಅಲ್ಲಿಂದ ರೈಲು, ಆಮೇಲೆ ಬಸ್ಸು, ಕೊನೆಗೆ ದ್ಯುನಿ ಎಂಬ ಊರಿನ ಇಗರ್ಜಿಯ ಹಿಂದಿನ ಓಣಿಯಲ್ಲಿ ನಡಿಗೆ. ಮಾರ್ಚಿನಲ್ಲಿ ಮೊದಲ ಸಲ ಬಂದಾಗ ಅವನ ಕೋಟಿನ ಮೇಲೆ ಆಲಿಕಲ್ಲು ಕರಗುತ್ತಿತ್ತು. ಜೂನ್ ಮೊದಲ ವಾರ ಆರನೆಯ ಸಲ ಬಂದಾಗ ಕೋಟು ತೋಳಿನ ಮೇಲಿತ್ತು, ಕೈಯಲ್ಲಿ ಚೆರಿಹಣ್ಣಿನ ಪೊಟ್ಟಣವಿತ್ತು.

"ಒಂದೋ ಈ ಹುಡುಗನಿಗೆ ಕಣ್ಣು ಸರಿಯಿಲ್ಲ," ಎಂದಿದ್ದರು ಒನೊರೆ ಮಾವ, "ಇಲ್ಲಾ ಕಣ್ಣು ಬಾಲದ ಮೇಲಿಲ್ಲ."

ಅರ್ಮೆಲ್ ತಲೆಯೆತ್ತದೆ ಕುಂಚ ತೊಳೆಯುತ್ತಿದ್ದಳು. "ಪೊರೆ ಬಂದಿರೋದು ನಿಮ್ಮ ಕಣ್ಣಿಗೆ ಮಾವ. ಬೇರೆಯವರ ಕಣ್ಣಿನ ಉಸಾಬರಿ ನಿಮಗ್ಯಾಕೆ?"

ಹಾಗೆಂದಳೇ ಹೊರತು ಆ ಪ್ರಶ್ನೆ ಅವಳೊಳಗೂ ಇತ್ತು. ಯಾಕೆ ಬರುತ್ತಾನೆ?

ಒನೊರೆ ಅವಳ ತಾಯಿಯ ಅಣ್ಣ. ನಲವತ್ತು ವರ್ಷದಿಂದ ಅವರ ಕಾರ್ಯಾಗಾರದಲ್ಲಿ ನಡೆಯುವುದು ಒಂದೇ ಕೆಲಸ: ಮೇಜಿನ ಮೇಲೆ ನಿಲ್ಲುವಂಥ ಪುಟ್ಟ ಮಾದರಿ ವಿಮಾನಗಳನ್ನು ಮಾಡಿ ಬಣ್ಣ ಹಚ್ಚುವುದು. ಎರಡು ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ ಊರಾಚೆಯ ಲೆ ಬುರ್ಜೆ ಮೈದಾನದಲ್ಲಿ ಜಗತ್ತಿನ ವಿಮಾನದವರೆಲ್ಲ ಪ್ರದರ್ಶನಕ್ಕೆ ಸೇರುತ್ತಾರೆ. ಯಾವ ಏರ್‌ಲೈನು ಯಾರ ಬಳಿ ಎಷ್ಟು ವಿಮಾನ ಕೊಳ್ಳುತ್ತದೆ ಎಂಬ ಸುದ್ದಿ ಅಲ್ಲಿಯೇ, ಎಲ್ಲರೆದುರು, ಸಹಿಯೊಂದಿಗೆ ಹೊರಬೀಳಬೇಕು. ಸಹಿಯ ಮೇಜಿನ ಮೇಲೆ ಕೊಳ್ಳುವವರ ಬಣ್ಣ ತೊಟ್ಟ ಪುಟ್ಟ ವಿಮಾನವೊಂದು ನೀಲಿ ಬಟ್ಟೆ ಹೊದ್ದು ಕಾದಿರುತ್ತದೆ. ಬಟ್ಟೆ ಎಳೆದಾಗ ಲೋಕಕ್ಕೆ ತಿಳಿಯುವುದು. ಒನೊರೆಗೂ ಅರ್ಮೆಲ್‌ಗೂ ಮಾತ್ರ ಮೂರು ತಿಂಗಳು ಮೊದಲೇ ತಿಳಿದಿರುತ್ತದೆ. ಅವರ ಅನ್ನ ಇದ್ದದ್ದು ಕೈಯ ಕೆಲಸದಲ್ಲಿ ಅರ್ಧ, ಮುಚ್ಚಿದ ಬಾಯಲ್ಲಿ ಅರ್ಧ.

ಆದ್ದರಿಂದ ಅನುಮಾನ ಅರ್ಮೆಲ್‌ಗೆ ಕಸುಬಿನ ಜೊತೆಗೇ ಬಂದದ್ದು. ಗ್ಯಾಸ್ ಮೀಟರ್ ನೋಡಲು ಬಂದವನು ಮೇಜಿನ ಮೇಲಿನ ಬಟ್ಟೆ ಎತ್ತಿ ಇಣುಕಿದ್ದನ್ನು ಅವಳು ಕಂಡಿದ್ದಳು. ದಾರಿ ತಪ್ಪಿತೆಂದು ಬಾಗಿಲು ತಟ್ಟಿದ ಸಭ್ಯ ಹೆಂಗಸೊಬ್ಬಳು ಪತ್ರಿಕೆಯವಳಾಗಿದ್ದನ್ನೂ ಕಂಡಿದ್ದಳು. ಮೂವತ್ನಾಲ್ಕನೆಯ ವಯಸ್ಸಿಗೆ ಅವಳಿಗೊಂದು ಅಭ್ಯಾಸ ಅಂಟಿಕೊಂಡಿತ್ತು: ಯಾರಾದರೂ ನಕ್ಕರೆ, ಈ ನಗು ಯಾವುದಕ್ಕಾಗಿ ಎಂದು ಮೊದಲು ಕೇಳಿಕೊಳ್ಳುವುದು.

ಕಾರ್ಯಾಗಾರದ ಗೋಡೆಗೂಡಿನಲ್ಲಿ ಲೊರೆತ್ತಿನ ದೇವಮಾತೆಯ ಮೂರ್ತಿಯಿತ್ತು. ದೇವದೂತರು ಆ ತಾಯಿಯ ಮನೆಯನ್ನೇ ಎತ್ತಿ ಆಕಾಶದಲ್ಲಿ ಸಾಗಿಸಿದರಂತೆ. ಹಾಗಾಗಿ ಹಾರುವವರಿಗೆಲ್ಲ ಅವಳದೇ ಕಾವಲು. ಮಾದರಿಯೊಂದು ಮನೆ ಬಿಡುವ ದಿನ ಒನೊರೆ ಅದನ್ನು ಆ ಗೂಡಿನ ಮುಂದೆ ಹಿಡಿದು, ಬಣ್ಣ ಹಚ್ಚಿದವರನ್ನು ಕೇಳುತ್ತಿದ್ದರು: "ಮೂಗು ಎಲ್ಲಿ? ಹಕ್ಕಿ ಎತ್ತ ಹೊರಟಿದೆ?" ಬಾಲದ ಮೇಲೆ ಹಕ್ಕಿಯಿರಲಿ, ಸಿಂಹವಿರಲಿ, ಪ್ರಶ್ನೆ ಅದೇ. ಎಡಗಡೆ ನೋಡಿ ಒಮ್ಮೆ, ಬಲಗಡೆ ನೋಡಿ ಒಮ್ಮೆ ಉತ್ತರ ಹೇಳಬೇಕು. ಆಮೇಲೆಯೇ ಪೆಟ್ಟಿಗೆ ಮುಚ್ಚುವುದು.

ಈ ಪ್ರಶ್ನೆಯಿಂದಲೇ ಸಿಂದ್ರೆಯ ಮೊದಲ ಪರಿಚಯವೂ ಆದದ್ದು. ಅವನು ಹಾವರ್ನ್ ಏರ್ ಎಂಬ ನಾರ್ವೆಯ ಏರ್‌ಲೈನಿನವನು. ಫ್ರೆಂಚ್ ನೆಲದ ದಕ್ಷಿಣದಲ್ಲಿ ವಿಮಾನ ತಯಾರಿಸುವ ಕಂಪನಿಯೊಂದರಿಂದ ಮೂವತ್ತು ವಿಮಾನ ಕೊಳ್ಳುವ ಮಾತು ನಡೆದಿತ್ತು. ಮಾದರಿಗೆ ಬೇಕಾದ ಬಾಲದ ಚಿತ್ರವನ್ನು ಅವನೇ ತಂದಿದ್ದ. ಬೂದು ನೀಲಿಯ ಮೇಲೆ ರೆಕ್ಕೆ ಬಿಚ್ಚಿದ ಬಿಳಿ ಕಡಲಹದ್ದು.

"ಇದು ಎಡಗಡೆಯದು," ಎಂದು ಅರ್ಮೆಲ್ ಹಾಳೆ ತಿರುಗಿಸಿ ನೋಡಿದಳು. "ಬಲಗಡೆಯದು?"

"ಬಲಗಡೆನೂ ಇದೇ. ಇನ್ನೊಂದು ಪ್ರತಿ ಅಂಟಿಸಿದ್ರಾಯ್ತು," ಎಂದ ಸಿಂದ್ರೆ. ಬೂಟು ಹಾಕಿಕೊಂಡು ಮರದ ಅಟ್ಟದ ಮೇಲೆ ನಡೆದಂತಿತ್ತು ಅವನ ಫ್ರೆಂಚು.

ಅರ್ಮೆಲ್ ಬಣ್ಣವಿಲ್ಲದ ಮಾದರಿಯೊಂದನ್ನು ಎತ್ತಿ, ಆ ಹಾಳೆಯನ್ನು ಬಾಲದ ಬಲಬದಿಗೆ ಒತ್ತಿ ಹಿಡಿದಳು. ವಿಮಾನದ ಮೂಗು ಒಂದು ಕಡೆಗಿತ್ತು, ಹದ್ದಿನ ಕೊಕ್ಕು ಇನ್ನೊಂದು ಕಡೆಗಿತ್ತು.

"ನೋಡಿ ಸ್ವಾಮಿ. ನಿಮ್ಮ ವಿಮಾನ ಬರ್ಗನ್ನಿಗೆ ಹೊರಟಿದೆ. ನಿಮ್ಮ ಹದ್ದು ಏನೋ ಮರೆತು ಬಂದೆ ಅಂತ ವಾಪಸ್ ಪ್ಯಾರಿಸ್ಸಿಗೆ ಹೊರಟಿದೆ."

ಅವನ ಕಿವಿಗಳು ಕೆಂಪಾದವು. ಆಮೇಲೆ ಅವನು ನಕ್ಕ. ಸದ್ದಿಲ್ಲದ ನಗು; ಮೊದಲು ಕಣ್ಣಂಚು, ಎಷ್ಟೋ ಹೊತ್ತಿನ ಮೇಲೆ ತುಟಿ. "ಬಲಗಡೆಗೆ ತಿರುಗಿಸಿದ ಚಿತ್ರ ಬರೆಸಿ ತರ್ತೀನಿ," ಎಂದ. ಅದು ಎರಡನೆಯ ಸಲ ಬರಲು ಕಾರಣವಾಯಿತು.

ಮೂರನೆಯ ಸಲ ಅವನು ತನ್ನೂರಿನ ಕಂದು ಬಣ್ಣದ ಸಿಹಿ ಚೀಸ್ ತಂದ. ಒನೊರೆ ಅದನ್ನು ಮೂಸಿ ನೋಡಿ, "ಇದನ್ನ ತಿನ್ನಬೇಕೋ, ಕೈ ತೊಳೀಬೇಕೋ?" ಎಂದರು. ನಾಲ್ಕನೆಯ ಸಲ ಬೂದು ಸ್ವಲ್ಪ ಹೆಚ್ಚಾಯಿತೆಂದ. ಐದನೆಯ ಸಲ ಬೂದು ಸ್ವಲ್ಪ ಕಡಿಮೆಯಾಯಿತೆಂದ. ಅವನು ಎದುರು ಸ್ಟೂಲಿನ ಮೇಲೆ ಕುಳಿತು ಅವಳ ಕೈಯನ್ನೇ ನೋಡುತ್ತಿದ್ದ. ಅವಳು ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಿದ್ದಳು. ಗೆರೆ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತಿದ್ದರು.

ಆರನೆಯ ಸಲ, ಮಾವ ಬ್ರೆಡ್ ತರಲು ಹೋಗಿದ್ದಾಗ, ಅವನು ಫೋನ್ ಕೈಗೆತ್ತಿಕೊಂಡು ಕೇಳಿದ.

"ಒಂದು ಫೋಟೋ ತೆಗೆದ್ಕೊಳ್ಲಾ? ಒಂದೇ ಒಂದು. ನೆನಪಿಗೆ."

ಕಾರ್ಯಾಗಾರದಲ್ಲಿ ಫೋಟೋ ಕೂಡದು. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ನಲವತ್ತು ವರ್ಷದಲ್ಲಿ ಯಾರಿಗೂ ಸಿಗದ ಅಪ್ಪಣೆ. ಅರ್ಮೆಲ್ ಕುಂಚದ ಮೇಲೆ ಬಗ್ಗಿದವಳು ಹಾಗೆಯೇ, ಮುಖ ಎತ್ತದೆ, "ಬೇಗ ತೆಗೀರಿ. ನಾನು ನೋಡ್ಲಿಲ್ಲ," ಎಂದುಬಿಟ್ಟಳು.

ಆ ಕ್ಷಣದಲ್ಲಿ ಅದು ಎಷ್ಟು ಹಗುರಾದ ಮಾತಾಗಿತ್ತು!

*

ಸೋಮವಾರ ಬೆಳಿಗ್ಗೆ ಪ್ರದರ್ಶನ ಶುರು. ನೀಲಿ ಬಟ್ಟೆ ಹೊದ್ದ ಮಾದರಿಯನ್ನು ಪೆಟ್ಟಿಗೆ ಸಮೇತ ತೊಡೆಯ ಮೇಲಿಟ್ಟುಕೊಂಡು ಅರ್ಮೆಲ್ ವ್ಯಾನಿನಲ್ಲಿ ಮೈದಾನದ ಗೇಟಿಗೆ ಬಂದಳು. ಅಲ್ಲಿ ದಿನಪತ್ರಿಕೆ ಪುಕ್ಕಟೆಯಾಗಿ ಹಂಚುತ್ತಿದ್ದರು, ಆ ವಾರದ ಮಟ್ಟಿಗೆ ಮೈದಾನದಲ್ಲೇ ಅಚ್ಚಾಗುವ ಪತ್ರಿಕೆ. ಮುಖಪುಟದಲ್ಲಿ ಗಾಜಿನಾಚೆಯಿಂದ ತೆಗೆದಂಥ ಮಸುಕಾದ ಚಿತ್ರ. ಬೂದು ನೀಲಿ ಬಾಲ. ಬಿಳಿ ಹದ್ದು. ಕೆಳಗೆ: 'ಹಾವರ್ನ್ ಕೊಳ್ಳುವುದು ಖಚಿತವೇ?'

ಅರ್ಮೆಲ್ ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಏಪ್ರನ್ನಿನ ಜೇಬಿಗೆ ತುರುಕಿದಳು. ಎರಡನೆಯ ಸಲ ನೋಡುವ ಧೈರ್ಯ ಅವಳಿಗಿರಲಿಲ್ಲ.

ಓಡುದಾರಿಯ ಪಕ್ಕದಲ್ಲಿ ಷಾಲೆ ಎಂದು ಕರೆಯುವ ಬಿಳಿ ತಾತ್ಕಾಲಿಕ ಮನೆಗಳ ಸಾಲಿದೆ; ಒಂದೊಂದು ಕಂಪನಿಗೆ ಒಂದೊಂದು. ದಕ್ಷಿಣದ ಕಂಪನಿಯ ಷಾಲೆಯಲ್ಲಿ ಸಹಿಯ ಸಮಾರಂಭಗಳನ್ನೆಲ್ಲ ನಡೆಸುವ ಮದಾಮ್ ಕಿತೆರಿ ಅವಳಿಗಾಗಿ ಕಾದಿದ್ದರು. ಯಾವತ್ತೂ ಕೆನ್ನೆಗೆ ಕೆನ್ನೆ ತಾಗಿಸಿ ಮಾತಾಡಿಸುವವರು ಇವತ್ತು ಕೈಕಟ್ಟಿ ನಿಂತಿದ್ದರು.

"ಆ ಬಾಲ ನೋಡಿದವರು ಯಾರ್ಯಾರು, ಅರ್ಮೆಲ್?"

"ನಾನು. ಮಾವ. ನೀವು. ಹಾವರ್ನ್‌ನ ಸಿಂದ್ರೆ."

"ನಾನು ಹೇಳಿಲ್ಲ. ಅಲ್ಲಿಗೆ ಮೂರೇ ಜನ ಉಳಿದ್ರು. ನಿಮ್ಮ ಮಾವನ್ನ ನಾನು ಹುಡುಗಿಯಾಗಿದ್ದಾಗಿಂದ ಬಲ್ಲೆ. ಆದ್ರೆ ನಮ್ಮ ದೊಡ್ಡವರಿಗೆ ಅದೆಲ್ಲ ಬೇಕಿಲ್ಲ. ಬುಧವಾರ ಹನ್ನೊಂದಕ್ಕೆ ಸಹಿ. ಅಷ್ಟರೊಳಗೆ ಯಾರು ಅಂತ ಗೊತ್ತಾಗ್ಲಿಲ್ಲ ಅಂದ್ರೆ ನಿಮ್ಮ ಕಾರ್ಯಾಗಾರಕ್ಕೆ ಇದೇ ಕೊನೇ ಕೆಲಸ." ಆಮೇಲೆ ಸ್ವರ ತಗ್ಗಿಸಿ ಹೇಳಿದರು: "ಸುದ್ದಿ ಹೀಗೆ ಹೊರಗೆ ಬಂದ್ರೆ ಲಾಭ ಯಾರಿಗೆ ಗೊತ್ತಾ? ಕೊಳ್ಳೋರಿಗೆ. ಈಗ ನಾವು ಹಿಂದೆ ಸರಿಯೋ ಹಾಗಿಲ್ಲ. ಬೆಲೆ ಇಳಿಸಿ ಅಂದ್ರೆ ಇಳಿಸಬೇಕು. ಈ ಮೈದಾನದಲ್ಲಿ ಇದು ಹಳೇ ಆಟ ಕಣಮ್ಮ."

ಕೊಳ್ಳೋರಿಗೆ. ಆ ಮಾತು ಅರ್ಮೆಲ್‌ಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಕುಳಿತಿತು. ಚೆರಿಹಣ್ಣು. ಚೀಸು. ಸ್ಟೂಲಿನ ಮೇಲಿನ ಮೌನ. ಒಂದು ಫೋಟೋಗಾಗಿ ಆರು ಪ್ರಯಾಣ? ಮೂವತ್ತು ವಿಮಾನದ ಮುಂದೆ ಆರು ಟಿಕೆಟ್ ಯಾವ ಲೆಕ್ಕ?

ಮಧ್ಯಾಹ್ನ ಅವನನ್ನು ಷಾಲೆಗಳ ಹಿಂದಿನ ದಾರಿಯಲ್ಲಿ ಕಂಡಳು. ಕಂಕುಳಲ್ಲಿ ಉದ್ದನೆಯ ಕಾಗದದ ಸುರುಳಿ. ಅವಳನ್ನು ಕಂಡ ಕೂಡಲೇ ಅವನ ಕಣ್ಣಂಚು ಅರಳಿತು. ಅವಳ ಮುಖ ಕಂಡ ಮೇಲೆ ಬಾಡಿತು.

"ಪತ್ರಿಕೆ ನೋಡಿದ್ರಾ?" ಎಂದು ಅವಳು ಕೇಳಿದಳು.

"ನೋಡ್ದೆ."

"ಹೇಳೋದು ಏನಾದ್ರೂ ಇದೆಯಾ?"

ಅವನು ಅವಳ ಹೆಗಲಾಚೆ ಎಲ್ಲೋ ನೋಡಿದ. "ಬುಧವಾರ ಹನ್ನೊಂದರವರೆಗೆ ನನ್ನನ್ನ ಏನೂ ಕೇಳ್ಬೇಡಿ, ಅರ್ಮೆಲ್. ದಯವಿಟ್ಟು. ಆಮೇಲೆ ಎಲ್ಲ ಹೇಳ್ತೀನಿ."

"ಆಮೇಲೆ ಅಂದ್ರೆ ಸಹಿ ಆದ್ಮೇಲೆ. ಕೆಲಸ ಆದ್ಮೇಲೆ."

"ನೀವು ನನ್ನ ಮೇಲೆ..." ಎಂದು ಶುರುಮಾಡಿದವನು ನಿಲ್ಲಿಸಿ, ತಲೆ ಬಾಗಿಸಿ ನಡೆದುಬಿಟ್ಟ. ಅವಳು ನೋಡುತ್ತ ನಿಂತಳು. ಆ ಸುರುಳಿಯೊಡನೆ ಅವನು ನೇರವಾಗಿ ಹೋದದ್ದು ಸಾಲಿನ ಕೊನೆಯ ಷಾಲೆಗೆ, ಕಡಲಾಚೆಯ ಕಂಪನಿಯವರದಕ್ಕೆ. ದಕ್ಷಿಣದವರ ಎದುರಾಳಿಗಳ ಮನೆಗೆ.

ಮತ್ತೆ ಅನುಮಾನಕ್ಕೆ ಇನ್ನೇನು ಬೇಕು?

*

ಮಂಗಳವಾರ ಬೆಳಿಗ್ಗೆ ಅವಳು ಮಾವನಿಗೆ ಹೇಳದೆ ಮದಾಮ್ ಕಿತೆರಿಯ ಬಳಿಗೆ ಹೋದಳು. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಹೇಳುವಾಗ ಒಂದೂ ನೆನಪಾಗಲಿಲ್ಲ.

"ಸಿಂದ್ರೆ ಒಂದು ಫೋಟೋ ತೆಗೆದಿದ್ರು. ಕಾರ್ಯಾಗಾರದಲ್ಲಿ. ಮಾವನಿಗೆ ಗೊತ್ತಿಲ್ಲ. ತಪ್ಪೆಲ್ಲ ನಂದೇ."

ಮದಾಮ್ ಅವಳಿಗೆ ಕೂರಲು ಹೇಳಿ, ಹೊರಗೆ ಹೋದರು. ಅರ್ಧ ಗಂಟೆಯ ಮೇಲೆ ಬಂದಾಗ ಮುಖ ಸ್ವಲ್ಪ ಸಡಿಲವಾಗಿತ್ತು.

"ಹೋಗಿ ಕೇಳಿದೆ. ಒಪ್ಕೊಂಡ. ಫೋಟೋ ತೆಗೆದದ್ದು ನಿಜ ಅಂದ. ನೀನು ಆ ಕಡೆ ತಿರುಗಿದ್ದಾಗ, ನಿನಗೆ ಗೊತ್ತಿಲ್ಲದ ಹಾಗೆ ಕದ್ದು ತೆಗೆದನಂತೆ. 'ಆ ಕಾರ್ಯಾಗಾರದವರ ತಪ್ಪು ಒಂದಿಷ್ಟೂ ಇಲ್ಲ, ಅವರ ಕೆಲಸ ಕಿತ್ಕೋಬೇಡಿ' ಅಂತ ಎರಡು ಸಲ ಹೇಳ್ದ. ನಾಳೆ ಈ ಷಾಲೆಯೊಳಗೆ ಕಾಲಿಡಬೇಡ ಅಂತ ನಾನೂ ಹೇಳಿ ಬಂದೆ. ಎರಡು ವರ್ಷ ಅವನೇ ಕೂತು ಮಾಡಿದ ವ್ಯವಹಾರ, ಸಹಿ ನೋಡೋಕೂ ಸಿಗಲ್ಲ. ಸುಮ್ನೆ ತಲೆ ಆಡಿಸ್ದ."

ಅರ್ಮೆಲ್ ಎದ್ದು ನಿಂತಳು. ಗೆದ್ದವಳಂತೆ ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ.

ಗೊತ್ತಿಲ್ಲದ ಹಾಗೆ ಕದ್ದು ತೆಗೆದನೇ? ಕೇಳಿಯೇ ತೆಗೆದಿದ್ದ. ಒಪ್ಪಿದವಳು ಅವಳು. ಹಾಗಾದರೆ ಅವನು ಹೇಳಿದ್ದು ಸುಳ್ಳು. ಮೋಸ ಮಾಡುವವರು ಸುಳ್ಳು ಹೇಳುವುದು ತಮ್ಮ ತಲೆ ಉಳಿಸಿಕೊಳ್ಳಲು. ಈ ಮನುಷ್ಯ ಸುಳ್ಳು ಹೇಳಿ ತನ್ನ ತಲೆಯ ಮೇಲೇ ಕಲ್ಲು ಎಳೆದುಕೊಂಡಿದ್ದಾನೆ. ಇದೆಂಥ ಕಳ್ಳ?

ಅನುಮಾನ ಹೋಗಲಿಲ್ಲ. ಆದರೆ ಮಗ್ಗುಲು ಬದಲಾಯಿಸಿತು. ಇಷ್ಟು ದಿನ ಅವನ ಒಳ್ಳೆಯತನದ ಹಿಂದೆ ಏನಿದೆ ಎಂದು ಹುಡುಕಿದವಳು, ಈಗ ಅವನ ಕೆಟ್ಟತನದ ಹಿಂದೆ ಏನಿದೆಯೋ ಎಂದು ಯೋಚಿಸತೊಡಗಿದಳು.

ಸಂಜೆ ನಾಲ್ಕಕ್ಕೆ ಕಾರ್ಯಾಗಾರಕ್ಕೆ ಬಂದಾಗ ಒನೊರೆ ಗೂಡಿನ ಮುಂದೆ ಕುಳಿತು ಜಪಮಣಿ ಎಣಿಸುತ್ತಿದ್ದರು. ಮೇಲೆ ಪ್ರದರ್ಶನದ ವಿಮಾನವೊಂದು ಗುಡುಗಿಕೊಂಡು ಹೋಯಿತು. ಶೆಲ್ಫಿನ ಬಣ್ಣದ ಡಬ್ಬಿಗಳು ಕಟಕಟ ನಡುಗಿದವು. ಸದ್ದು ಅಡಗಲೆಂದು ಇಬ್ಬರೂ ಕಾದರು. ಆಮೇಲೆ ಅವಳು ಎಲ್ಲ ಹೇಳಿದಳು. ಫೋಟೋ ಕೇಳಿದ್ದು, ತಾನು ಒಪ್ಪಿದ್ದು, ಪತ್ರಿಕೆ, ಕಾಗದದ ಸುರುಳಿ, ಮದಾಮ್‌ಗೆ ಹೆಸರು ಹೇಳಿದ್ದು, ಅವನ ಸುಳ್ಳು.

ಒನೊರೆಯ ಜಪಮಣಿ ಕೈಯಲ್ಲೇ ನಿಂತಿತ್ತು.

"ಬಾಗಿಲ ಮೇಲೆ ಬರೆದದ್ದು ಓದೋಕೆ ಬರಲ್ವಾ ನಿನಗೆ?" ಎಂದರು.

"ಬರುತ್ತೆ ಮಾವ."

"ನಾನು ಬರೆದದ್ದು ಅದು. ಇದೇ ಕೈಯಲ್ಲಿ." ಮುದುಕರು ನಿಟ್ಟುಸಿರು ಬಿಟ್ಟು ಕೈಚಾಚಿದರು. "ಆ ಪತ್ರಿಕೆ ಎಲ್ಲಿ? ನನ್ನ ಕಣ್ಣಿಗೆ ಕಾಣಲ್ಲ. ನೀನೇ ನೋಡಿ ಹೇಳು."

"ನಾನು ಸರಿಯಾಗಿ ನೋಡೇ ಇಲ್ಲ ಮಾವ. ನೋಡೋಕಾಗ್ಲಿಲ್ಲ."

"ಈಗ ನೋಡು. ಭೂತಗನ್ನಡಿ ತಗೋ." ಅವರು ಗೂಡಿನ ಕಡೆಗೊಮ್ಮೆ ನೋಡಿ, ನಲವತ್ತು ವರ್ಷದ ಅದೇ ಧ್ವನಿಯಲ್ಲಿ ಕೇಳಿದರು. "ಮೂಗು ಎಲ್ಲಿ? ಹಕ್ಕಿ ಎತ್ತ ಹೊರಟಿದೆ?"

ಅಭ್ಯಾಸಬಲದಿಂದ ಅವಳ ಬಾಯಿ ತಾನಾಗಿ ಶುರುಮಾಡಿತು. "ಬಲಗಡೆಯ ಚಿತ್ರ. ಮೂಗು ಬಲಕ್ಕೆ. ಹಕ್ಕಿ..."

ಭೂತಗನ್ನಡಿ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಹಕ್ಕಿ?" ಎಂದರು ಮಾವ.

"ಹಿಂದಕ್ಕೆ ಹೊರಟಿದೆ."

ಅರ್ಮೆಲ್ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಒಯ್ದಳು. ಮಸುಕು ಚಿತ್ರವೇ, ಮಡಿಕೆ ಬೇರೆ ಬಿದ್ದಿತ್ತು. ಆದರೆ ಕೊಕ್ಕು ಬಾಲದಂಚಿನ ಕಡೆಗಿತ್ತು, ಅನುಮಾನವೇ ಇಲ್ಲ. ಎಡಗಡೆಯ ಚಿತ್ರವನ್ನೇ ಬಲಗಡೆಗೂ ಅಂಟಿಸಿದ ಬಾಲ. ಮಾರ್ಚಿನಲ್ಲಿ ಅವಳು ತಮಾಷೆ ಮಾಡಿದ ಅದೇ ಹದ್ದು, ಏನೋ ಮರೆತು ವಾಪಸ್ ಹೊರಟ ಹದ್ದು.

"ಇದು ನಮ್ಮ ಮಾದರಿ ಅಲ್ಲ ಮಾವ!"

"ಅಲ್ಲ ಅಂದ್ರೆ ಇನ್ಯಾರದ್ದು? ಒಂದು ಏರ್‌ಲೈನಿಗೆ ಎಷ್ಟು ಬಾಲ ಇರುತ್ತೆ?"

ಉತ್ತರ ಹೇಳುತ್ತ ಹೇಳುತ್ತಲೇ ಅವಳಿಗೆ ತಿಳಿಯುತ್ತ ಹೋಯಿತು. "ಕಡಲಾಚೆಯವರೂ ಒಂದು ಮಾಡಿಸಿದ್ದಾರೆ. ಬೇರೆ ಯಾರ ಹತ್ರಾನೋ. ಕೊನೇ ಗಳಿಗೆವರೆಗೂ ಇಬ್ಬರ ಜೊತೆಗೂ ಮಾತು ನಡೀತಿದೆ. ಯಾರು ಗೆಲ್ತಾರೋ ಅವರ ಮೇಜಿನ ಮೇಲೆ ಬಟ್ಟೆ ಎಳೀಬೇಕು, ಅದಕ್ಕೆ ಎರಡೂ ಕಡೆ ಮಾದರಿ ಸಿದ್ಧ ಇರಬೇಕು. ಈ ಫೋಟೋ ಅಲ್ಲಿಂದ ಹೋಗಿದೆ. ಸಿಂದ್ರೆಗೆ ಸೋಮವಾರ ಮೊದಲನೇ ನೋಟಕ್ಕೇ ಗೊತ್ತಾಗಿದೆ. ಆದ್ರೆ ಇನ್ನೊಂದು ಮಾದರಿ ಇದೆ ಅಂತ ಅವರು ಬಾಯಿಬಿಡೋ ಹಾಗಿಲ್ಲ. ಅವರ ಮಾತು ಕಟ್ಟುಬಿದ್ದಿದೆ."

"ನಮ್ಮ ಮಾತು ಕಟ್ಟುಬಿದ್ದ ಹಾಗೆ," ಎಂದರು ಒನೊರೆ ಮೆಲ್ಲಗೆ.

ಅವಳು ಆಗಲೇ ಬಾಗಿಲ ಬಳಿಯಿದ್ದಳು. "ಈಗಲೇ ಹೋಗಿ ಮದಾಮ್‌ಗೆ ಹೇಳ್ತೀನಿ!"

"ಏನಂತ ಹೇಳ್ತೀಯ?"

ಚಿಲುಕದ ಮೇಲಿಟ್ಟ ಕೈ ಅಲ್ಲೇ ತಡೆಯಿತು. ಏನಂತ? ಎದುರಾಳಿಗಳ ಬಳಿಯೂ ಒಂದು ಬಾಲವಿದೆ ಎಂದೇ? ಸಹಿಗೆ ಇನ್ನೂ ಒಂದು ರಾತ್ರಿಯಿದೆ. ಅವನು ತನ್ನ ಹೆಸರು ಕೊಟ್ಟು ಕಾಯ್ದ ಗುಟ್ಟನ್ನು ಅವಳೇ ಹೋಗಿ ಚೆಲ್ಲಿದರೆ, ನಿಜವಾದ ದ್ರೋಹ ಅದೇ ಆಗುತ್ತದೆ. ಗುಟ್ಟು ಕಾಯುವುದನ್ನು ಉಸಿರಿನಂತೆ ಕಲಿತ ಮನೆಯವಳು ಅವಳು. ಆದರೆ ಆ ಸಂಜೆ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಭಾರವೆಂದು ಮೊದಲ ಸಲ ತಿಳಿಯಿತು.

ಅವಳು ಹಿಂತಿರುಗಿ ಬಂದು ಮಾವನ ಪಕ್ಕ ನೆಲದ ಮೇಲೆ ಕುಳಿತಳು.

"ನಾಳೆ ಹನ್ನೊಂದರವರೆಗೆ ಕಾಯ್ತೀನಿ," ಎಂದಳು.

"ಕಾಯಿ. ಅವಳೂ ಕಾದವಳೇ," ಎಂದು ಒನೊರೆ ಗೂಡಿನ ತಾಯಿಯನ್ನು ತೋರಿಸಿದರು. ಆಮೇಲೆ ನೆನಪಿಸಿಕೊಂಡವರಂತೆ, "ಬಾಗಿಲ ಮೇಲಿನ ಮಾತು ಮೀರಿದ್ದಕ್ಕೆ ನಿನಗೆ ದಂಡ ಇದೆ. ಆ ಹುಡುಗ ತಂದ ಕಂದು ಸಾಬೂನು, ಆ ಚೀಸು, ಇನ್ನೂ ಅರ್ಧ ಉಳಿದಿದೆ. ಪೂರ್ತಿ ನೀನೇ ತಿನ್ನಬೇಕು."

ಅವಳು ಅಳುತ್ತಲೇ ನಕ್ಕಳು.

*

ಬುಧವಾರ ಹತ್ತೂವರೆಗೆ ಷಾಲೆ ತುಂಬಿಹೋಗಿತ್ತು. ಕ್ಯಾಮೆರಾದವರು, ಗಾಜಿನ ಲೋಟಗಳು, ಇಸ್ತ್ರಿಯ ಕೋಟುಗಳು. ನಾರ್ವೆಯವರ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಅರ್ಮೆಲ್ ಹಿಂದಿನ ಗೋಡೆಗೊರಗಿ ಆ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದಳು.

ಒಂದು ವೇಳೆ ಅವಳ ಎಣಿಕೆಯೇ ತಪ್ಪಾಗಿದ್ದರೆ? ಕೊನೆಗಳಿಗೆಯಲ್ಲಿ ಎಲ್ಲರೂ ಎದ್ದು ಸಾಲಿನ ಕೊನೆಯ ಷಾಲೆಗೆ ನಡೆದುಬಿಟ್ಟರೆ? ಅವನ ಆ ಸುಳ್ಳೂ ಬೇರೊಂದು ಆಟದ ತುಂಡಾಗಿದ್ದರೆ? ಹಳೆಯ ಅನುಮಾನ ಹಳೆಯ ನಾಯಿಯಂತೆ. ಅಟ್ಟಿದಷ್ಟೂ ಹೊಸಿಲ ಬಳಿಯೇ ಬಂದು ಮಲಗುತ್ತದೆ. ಅವಳು ಕಣ್ಣುಮುಚ್ಚಿ ಲೊರೆತ್ತಿನ ತಾಯಿಯನ್ನು ನೆನೆದಳು. ಕೇಳಿಕೊಂಡದ್ದು ಗೆಲುವನ್ನಲ್ಲ, ಒಬ್ಬನನ್ನು ನಂಬುವ ಶಕ್ತಿಯನ್ನು.

ಹನ್ನೊಂದು ಹೊಡೆದ ಮೇಲೆ ಎರಡು ಲೇಖನಿಗಳು ಕಾಗದದ ಮೇಲೆ ಓಡಿದವು. ನೀಲಿ ಬಟ್ಟೆ ಜಾರಿತು. ಬೆಳಕು ಬಿದ್ದ ಬಾಲದ ಮೇಲೆ ಬಿಳಿ ಹದ್ದು, ಎಡಗಡೆಯಿಂದಲೂ ಬಲಗಡೆಯಿಂದಲೂ, ಮುಂದಕ್ಕೆ ಹಾರಿತು. ಚಪ್ಪಾಳೆ. ಮೂವತ್ತು ವಿಮಾನ.

ಅರ್ಮೆಲ್ ಜನರ ನಡುವೆ ನುಗ್ಗಿ ಮದಾಮ್ ಕಿತೆರಿಯ ತೋಳು ಹಿಡಿದಳು, ಮಡಿಸಿದ ಪತ್ರಿಕೆಯನ್ನು ಅವರ ಕೈಗಿತ್ತಳು.

"ಈಗ ಹೇಳಬಹುದು. ಈ ಹದ್ದನ್ನೂ ಮೇಜಿನ ಮೇಲಿರೋ ಹದ್ದನ್ನೂ ಬಲಗಡೆಯಿಂದ ನೋಡಿ ಮದಾಮ್."

ಮದಾಮ್ ಕನ್ನಡಕ ಏರಿಸಿ ನೋಡಿದರು. ಪತ್ರಿಕೆ, ಮೇಜು, ಮತ್ತೆ ಪತ್ರಿಕೆ. ಬುದ್ಧಿವಂತ ಹೆಂಗಸು, ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ಬಿಳಿಚಿಕೊಂಡು, ಆಮೇಲೆ ಹಣೆ ಚಚ್ಚಿಕೊಂಡರು.

"ಅಯ್ಯೋ ದೇವರೇ! ಹಾಗಾದ್ರೆ ನಿನ್ನೆವರೆಗೂ ಅವರೂ... ಆ ಹುಡುಗ ಒಂದು ಮಾತು ಹೇಳಬಾರದಿತ್ತಾ?"

"ಹೇಳೋ ಹಾಗಿರ್ಲಿಲ್ಲ. ಹೇಳಿದ್ರೆ ನೀವೇ ಅವರನ್ನ ನಂಬ್ತಿರ್ಲಿಲ್ಲ."

"ನಾನು ಅವರ ದೊಡ್ಡವರ ಹತ್ರ ಕ್ಷಮೆ ಕೇಳ್ತೀನಿ. ನಿಮ್ಮ ಮಾವನ ಹತ್ರನೂ. ಮುಂದಿನ ಪ್ರದರ್ಶನದ ಕೆಲಸವೆಲ್ಲ..." ಎಂದು ಮದಾಮ್ ತಲೆ ಎತ್ತುವಷ್ಟರಲ್ಲಿ ಅರ್ಮೆಲ್ ಬಾಗಿಲು ದಾಟಿದ್ದಳು.

ಎಲ್ಲಿ ಹುಡುಕುವುದು? ಅವಳ ಕಾಲಿಗೆ ಗೊತ್ತಿತ್ತು. ಮೈದಾನದ ಬೇಲಿಯಾಚೆ, ದ್ಯುನಿಯ ಕಡೆ, ಟಿಕೆಟ್ ಕೊಳ್ಳದ ಊರ ಜನ ಕುರ್ಚಿ ಹಾಕಿಕೊಂಡು ವಿಮಾನ ನೋಡುವ ಹುಲ್ಲುದಿಬ್ಬವಿದೆ. ಐದನೆಯ ಸಲ ಬಂದಾಗ ಅವಳೇ ಅವನಿಗೆ ತೋರಿಸಿದ್ದಳು. ಅವನು ಅಲ್ಲಿದ್ದ, ಕೋಟನ್ನು ಹುಲ್ಲಿನ ಮೇಲೆ ಹಾಸಿ, ಪಕ್ಕದಲ್ಲಿ ಪ್ರಯಾಣದ ಚೀಲವಿಟ್ಟುಕೊಂಡು ಕುಳಿತಿದ್ದ.

ಓಡಿ ಬಂದ ಅರ್ಮೆಲ್‌ಗೆ ಉಸಿರೇ ಸಿಗಲಿಲ್ಲ. ಅವನು ಎದ್ದು ಗಡಿಯಾರ ನೋಡಿಕೊಂಡ.

"ಹನ್ನೊಂದೂಕಾಲು. ಈಗ ಹೇಳ್ತೀನಿ. ಅರ್ಮೆಲ್, ಆ ಫೋಟೋ..."

"ಹಕ್ಕಿ ಹಿಂದಕ್ಕೆ ಹೊರಟಿತ್ತು."

ಅವನ ಕಣ್ಣಂಚಿನಲ್ಲಿ ಅದು ಶುರುವಾಯಿತು, ಆ ಸದ್ದಿಲ್ಲದ ನಗು. "ಗೊತ್ತಾಯ್ತಾ?"

"ನಿನ್ನೆ ಸಂಜೆ. ಬಾಯಿ ಮುಚ್ಕೊಂಡು ಕೂತಿದ್ದೆ, ನಿಮ್ಮ ಹಾಗೇ. ಆ ಸುರುಳಿ ಏನು? ಅವರ ಷಾಲೆಗೆ ಹೊತ್ಕೊಂಡು ಹೋದ್ರಲ್ಲ?"

"ತಿರುಗಿಸಿದ ಹದ್ದು. ಅವರು ಬಲಗಡೆಯ ಚಿತ್ರಾನೇ ಕೇಳಿರ್ಲಿಲ್ಲ. ಪತ್ರಿಕೆಯಲ್ಲಿ ನೋಡಿ ನನಗೇ ನಾಚಿಕೆ ಆಯ್ತು. ನೀವು ಹೇಳಿಕೊಟ್ಟಿದ್ದನ್ನ ಅವರಿಗೂ ಹೇಳಿ ಬಂದೆ."

"ಆಹಾ! ನನ್ನ ವಿದ್ಯೆ ಅವರಿಗೆ ಪುಕ್ಕಟೆ!"

"ಸೋತವರು ಪಾಪ, ಅಷ್ಟಾದ್ರೂ ಕಲೀಲಿ."

ಅವಳು ನಗಲು ಹೋಗಿ ತಡೆದುಕೊಂಡಳು. ಕೇಳಬೇಕಾದದ್ದು ಇನ್ನೂ ಉಳಿದಿತ್ತು. ತಲೆಯ ಮೇಲೆ ಯುದ್ಧವಿಮಾನವೊಂದು ಆಕಾಶ ಸೀಳಿಕೊಂಡು ಏರಿತು. ದಿಬ್ಬದ ಮೇಲಿನ ಜನ ಕಿವಿ ಮುಚ್ಚಿಕೊಂಡರು. ಇವರಿಬ್ಬರೂ ಮುಚ್ಚಲಿಲ್ಲ. ಸದ್ದು ದೂರದ ಹೊಲಗಳಾಚೆ ಕರಗುವ ತನಕ ಒಬ್ಬರನ್ನೊಬ್ಬರು ನೋಡುತ್ತ ನಿಂತರು.

"ನಾನು ನಿಮ್ಮ ಹೆಸರು ಹೇಳ್ದೆ," ಎಂದಳು ಅವಳು. "ನಂಬ್ಲಿಲ್ಲ. ಆರು ಸಲ ಬಂದಿದ್ದು ಆ ಬಾಲದ ಫೋಟೋಗೇ ಅಂದ್ಕೊಂಡೆ."

ಸಿಂದ್ರೆ ಫೋನ್ ತೆಗೆದು ಅವಳ ಕೈಗಿಟ್ಟ.

ಚಿತ್ರದಲ್ಲಿ ಬಾಲವೇ ಇರಲಿಲ್ಲ. ಕಿಟಕಿಯ ಬೆಳಕು ಬಿದ್ದ ಒಂದು ಮುಖವಿತ್ತು, ಬಗ್ಗಿದ್ದು. ಗೆರೆ ಎಳೆಯುವ ಏಕಾಗ್ರತೆಯಲ್ಲಿ ನಾಲಿಗೆಯ ತುದಿ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು. ಮಣಿಕಟ್ಟಿನ ಮೇಲೆ ಬೂದು ನೀಲಿ ಬಣ್ಣದ ಕಲೆ. ಮೂಲೆಯಲ್ಲಿ ವಿಮಾನದ್ದೆಂದು ಹೇಳಬಹುದಾದದ್ದು ಒಂದು ರೆಕ್ಕೆಯ ತುದಿ ಮಾತ್ರ, ಅದೂ ಮಸುಕು.

"ಬಾಲ ಎಲ್ಲಿ?" ಎಂದಳು.

"ಬಾಲ ಯಾರಿಗೆ ಬೇಕಿತ್ತು?"

"ಇದನ್ನ ಮದಾಮ್‌ಗೆ ತೋರಿಸಿದ್ರೆ ಅಲ್ಲೇ ಬಿಡುಗಡೆ ಆಗ್ತಿತ್ತಲ್ಲ!"

"ತೋರಿಸಿದ್ರೆ ಅವರು ಮೊದಲು ನೋಡ್ತಿದ್ರು, ಆಮೇಲೆ ನೀವು." ಅವನ ಕಿವಿಗಳು ಮಾರ್ಚಿನಂತೆಯೇ ಕೆಂಪಾಗಿದ್ದವು. "ನಿಮಗೆ ಹೇಳದೇ ಇರೋದನ್ನ ಅವರಿಗೆ ಹೇಗೆ ಹೇಳ್ಲಿ? ಬೂದು ಮೊದಲನೇ ಸಲಕ್ಕೇ ಸರಿಯಾಗಿತ್ತು, ಅರ್ಮೆಲ್. ಹೆಚ್ಚೂ ಇರ್ಲಿಲ್ಲ, ಕಡಿಮೆನೂ ಇರ್ಲಿಲ್ಲ. ನಾಲ್ಕನೇ ಸಲ ನಾನು ಹೇಳಿದ್ದು ಸುಳ್ಳು. ಐದನೇ ಸಲನೂ."

ಅವಳು ತನ್ನದೇ ಮುಖವನ್ನು ಇನ್ನೊಮ್ಮೆ ನೋಡಿದಳು. ಮೂರು ತಿಂಗಳು ಬಾಲದ ಮೇಲಿನ ಬಟ್ಟೆ ಎಲ್ಲಿ ಜಾರೀತೋ ಎಂದು ಕಾದವಳಿಗೆ, ತನ್ನ ಮೇಲಿನ ಮುಸುಕು ಜಾರಿದ್ದು ಗೊತ್ತೇ ಆಗಿರಲಿಲ್ಲ.

"ನನ್ನ ವಿಮಾನ ಎರಡು ಗಂಟೆಗೆ," ಎಂದ ಅವನು ಚೀಲದ ಪಟ್ಟಿ ಹಿಡಿದು. "ಸಹಿ ಆಗೋಯ್ತು. ಬಣ್ಣದ ಕೆಲಸ ಮುಗೀತು. ಏಳನೇ ಸಲ ಬರೋಕೆ ನನ್ನ ಹತ್ರ ಕಾರಣನೇ ಇಲ್ಲ."

ಅರ್ಮೆಲ್ ಅವನ ಕೈಯಿಂದ ಚೀಲ ತೆಗೆದುಕೊಂಡಳು. ಹೆಗಲಿಗೆ ಹಾಕಿಕೊಂಡಳು. ಊರ ಕಡೆ ಎರಡು ಹೆಜ್ಜೆ ನಡೆದು ತಿರುಗಿ ನೋಡಿದಳು.

"ಏಳನೇ ಸಲಕ್ಕೆ ಕಾರಣ ಬೇಕಿಲ್ಲ. ಬಾ," ಎಂದಳು. "ಅರ್ಧ ಸಾಬೂನು ಇನ್ನೂ ಉಳಿದಿದೆ. ತಿನ್ನೋಕೆ ಜೊತೆ ಬೇಕು."

ಓಣಿಯ ಕೊನೆಯಲ್ಲಿ ಕಾರ್ಯಾಗಾರದ ಬಾಗಿಲು ತೆರೆದೇ ಇತ್ತು. ಒನೊರೆ ಹೊಸಿಲ ಬಳಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದರು. ಪೊರೆ ಮುಚ್ಚಿದ ಕಣ್ಣಿಗೆ ಬರುವವರು ಕಾಣಲಿಲ್ಲ. ಕಿವಿಗೆ ಮಾತ್ರ ಒಂದರ ಬದಲು ಎರಡು ಜೊತೆ ಹೆಜ್ಜೆ ಕೇಳಿಸಿತು. ಅವರು ಎದ್ದು ನಿಲ್ಲಲಿಲ್ಲ, ಯಾರೆಂದು ಕೇಳಲಿಲ್ಲ. ಗೂಡಿನ ಕಡೆಗೆ ಮುಖ ತಿರುಗಿಸಿ, ಮಾದರಿಯೊಂದನ್ನು ಕೈಯಲ್ಲಿ ಹಿಡಿದವರಂತೆ, ಹಳೆಯ ಪ್ರಶ್ನೆಯನ್ನೇ ಕೇಳಿದರು.

"ಮೂಗು ಎಲ್ಲಿ? ಹಕ್ಕಿ ಎತ್ತ ಹೊರಟಿದೆ?"

ಅರ್ಮೆಲ್ ಪಕ್ಕದಲ್ಲಿ ನಿಂತವನನ್ನು ಎಡಗಡೆಯಿಂದೊಮ್ಮೆ ನೋಡಿದಳು. ಸುತ್ತಿ ಬಂದು ಬಲಗಡೆಯಿಂದೊಮ್ಮೆ ನೋಡಿದಳು. ಅವನ ಕಿವಿ ಆ ಕಡೆಯೂ ಕೆಂಪಾಗಿತ್ತು.

"ಎರಡೂ ಕಡೆಯಿಂದ ನೋಡ್ದೆ ಮಾವ," ಎಂದಳು. "ಮುಂದಕ್ಕೇ ಹೊರಟಿದೆ."